ದೇಶ ಕಾಯಲು ಯಾವ ಡಿಗ್ರಿ ಓದಬೇಕು?

ಪಿಯುಸಿ ಫಲಿತಾಂಶ ಬಂದ ಮೇಲಿನ ದಿನಗಳಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಯಾವ ಮೈದಾನಕ್ಕಾದರೂ ಬೆಳಗಿನ ಐದೂವರೆಗೆ ಹೋಗಿ ನೋಡಿ. ಮಬ್ಬು ಹರಿಯುವ ಮೊದಲೇ ಹುಡುಗರು ಸುತ್ತು ಹಾಕುತ್ತಿರುತ್ತಾರೆ. ಕೆಲವರಿಗೆ ಶೂ ಇದೆ, ಕೆಲವರದು ಬರಿಗಾಲು. ಗೆರೆಯ ಬಳಿ ಒಬ್ಬ ಗೆಳೆಯ ಮೊಬೈಲಿನಲ್ಲಿ ಹೊತ್ತು ನೋಡುತ್ತಾ ಕೂಗುತ್ತಾನೆ. ಸೇನಾ ಭರ್ತಿಯ 1.6 ಕಿಲೋಮೀಟರ್ ಓಟಕ್ಕೆ ತಯಾರಿ ಅದು.

ಬಿಸಿಲೇರಿದ ಮೇಲೆ ಅವರಲ್ಲೇ ಹಲವರು, ಜೊತೆಗೆ ಅವರ ಅಕ್ಕತಂಗಿಯರು, ಪದವಿ ಕಾಲೇಜಿನ ಆಫೀಸಿನ ಮುಂದೆ ಸಾಲು ನಿಂತಿರುತ್ತಾರೆ. ಕೈಯಲ್ಲಿ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಜೆರಾಕ್ಸ್. "ಸರ್, ಮಿಲ್ಟ್ರಿಗೋ ಐಬಿಗೋ ಹೋಗ್ಬೇಕು ಅಂದ್ರೆ ಬಿಎ ತಗೊಳ್ಳೋದಾ, ಬಿಎಸ್ಸಿನಾ?" ಎಂದು ಒಬ್ಬ ಕೇಳುತ್ತಾನೆ. ಒಳಗಿನಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಯಾವ್ದಾದ್ರೂ ಒಂದು ಡಿಗ್ರಿ ಇದ್ರೆ ಸಾಕಪ್ಪ."

ಈ ಉತ್ತರ ಅರ್ಧ ನಿಜ. ಉಳಿದರ್ಧ ಗೊತ್ತಿಲ್ಲದೆ ಪ್ರತಿವರ್ಷ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಎಷ್ಟೋ ಮಕ್ಕಳು ತಮಗೆ ಒಗ್ಗುತ್ತಿದ್ದ ಕೆಲಸದ ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಾರೆ. ದೇಶದ ಭದ್ರತೆ ಎಂದೊಡನೆ ಬಂದೂಕು ಹಿಡಿದ ಯೋಧ ಕಣ್ಣಮುಂದೆ ಬರುತ್ತಾನೆ. ಆ ಯೋಧನ ಹಿಂದೆ ಭೌತವಿಜ್ಞಾನಿ, ಗಣಿತಜ್ಞೆ, ಕೀಟಶಾಸ್ತ್ರಜ್ಞ, ಭಾಷೆ ಬಲ್ಲವರು, ಕಾನೂನು ಓದಿದವರು, ನರ್ಸ್, ಸಿವಿಲ್ ಎಂಜಿನಿಯರ್ ಎಲ್ಲರೂ ಇದ್ದಾರೆ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೆಹಲಿಗೆ ಹೋಗಬೇಕಿಲ್ಲ. ಗೌರಿಬಿದನೂರಿನಲ್ಲೇ ಇದೆ.

ಬಂಡೆಗೆ ಕಿವಿಗೊಟ್ಟ ಊರು

1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಒಂದು ಒಪ್ಪಂದಕ್ಕೆ ಬಂದವು: ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಅಣುಬಾಂಬ್ ಪರೀಕ್ಷೆ ಮಾಡಕೂಡದು. ಭಾರತವೂ ಸಹಿ ಹಾಕಿತು. ಆದರೆ ನೆಲದಡಿಯ ಪರೀಕ್ಷೆಗೆ ಅಡ್ಡಿಯಿರಲಿಲ್ಲ. ಮರುವರ್ಷ ಅಕ್ಟೋಬರ್‌ನಲ್ಲಿ ಚೀನಾ ತನ್ನ ಮೊದಲ ಅಣುಬಾಂಬ್ ಸಿಡಿಸಿತು. ಯಾರು, ಎಲ್ಲಿ, ಎಷ್ಟು ದೊಡ್ಡದನ್ನು ಸಿಡಿಸಿದರು ಎಂದು ಸಾವಿರಾರು ಕಿಲೋಮೀಟರ್ ದೂರದಿಂದ ತಿಳಿಯುವುದು ದೇಶಗಳ ಅಗತ್ಯವಾಯಿತು.

ನೆಲದಡಿಯ ಸ್ಫೋಟದ ಕಂಪನ ಭೂಮಿಯ ಒಡಲಿನ ಮೂಲಕ ಸಾಗುತ್ತದೆ. ಅದನ್ನು ಹಿಡಿಯಲು ಗಟ್ಟಿ ಬಂಡೆಯ, ಗದ್ದಲವಿಲ್ಲದ ಜಾಗ ಬೇಕು. ಕಡಲ ಅಲೆಗಳಿಂದ ದೂರವಿರುವ, ಹಳೆಯ ಕಗ್ಗಲ್ಲಿನ ಮೇಲೆ ಕೂತ ಗೌರಿಬಿದನೂರು ಸೀಮೆ ಇದಕ್ಕೆ ಹೇಳಿಮಾಡಿಸಿದಂತಿತ್ತು. 1965ರಲ್ಲಿ ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಸಹಯೋಗದಲ್ಲಿ ಟ್ರಾಂಬೆಯ ಅಣುಶಕ್ತಿ ಕೇಂದ್ರ (ಇಂದಿನ ಬಿಎಆರ್‌ಸಿ) ಇಲ್ಲಿ ಕಂಪನಮಾಪಕಗಳ ಸರಣಿಯೊಂದನ್ನು ಹೂಡಿತು. ಇದೇ ಬಗೆಯ ಸರಣಿಗಳು ಸ್ಕಾಟ್‌ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲೂ ಇವೆ. ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ, ಒಂದೊಂದು ಭುಜ ಸುಮಾರು 25 ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡ 20 ಮಾಪಕಗಳು. ಹೊಲ, ಗೋಮಾಳ, ಕುರುಚಲು ಗುಡ್ಡಗಳ ನಡುವೆ ಅವು ನೆಲದ ಅತಿ ಸಣ್ಣ ಅದುರನ್ನೂ ದಾಖಲಿಸುತ್ತವೆ.

ಇಷ್ಟೊಂದು ಮಾಪಕ ಏಕೆ? ರಾತ್ರಿ ದೂರದ ಹಳ್ಳಿಯಲ್ಲಿ ತಮಟೆ ಬಾರಿಸಿದರೆ ಒಬ್ಬನೇ ನಿಂತು ಕೇಳಿದವನಿಗೆ ದಿಕ್ಕು ಸರಿಯಾಗಿ ತಿಳಿಯುವುದಿಲ್ಲ. ಬಯಲಿನುದ್ದಕ್ಕೂ ಹತ್ತಾರು ಮಂದಿ ನಿಂತು, ಯಾರಿಗೆ ಮೊದಲು ಕೇಳಿತು, ಯಾರಿಗೆ ಆಮೇಲೆ ಎಂದು ಬರೆದಿಟ್ಟರೆ ಸದ್ದು ಬಂದ ದಿಕ್ಕೂ ದೂರವೂ ಲೆಕ್ಕಕ್ಕೆ ಸಿಗುತ್ತವೆ. ಮಾಪಕಗಳ ದಾಖಲೆಗಳನ್ನು ಆ ಕಾಲಾಂತರಕ್ಕೆ ಸರಿಹೊಂದಿಸಿ ಕೂಡಿಸಿದಾಗ ನಿಜವಾದ ಸಂಕೇತ ಬಲವಾಗುತ್ತದೆ. ಲಾರಿ ಓಡಾಟ, ಗಾಳಿ, ಪಂಪ್‌ಸೆಟ್ಟಿನ ಅದುರುಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ.

ಆಮೇಲಿನದು ಇನ್ನೂ ಸೂಕ್ಷ್ಮ. ಬಂದದ್ದು ಭೂಕಂಪವೋ, ಬಾಂಬೋ? ಭೂಕಂಪದಲ್ಲಿ ಬಂಡೆಯ ಪದರಗಳು ಒಂದರ ಪಕ್ಕ ಒಂದು ಜಾರುತ್ತವೆ. ಸ್ಫೋಟವಾದರೆ ಸುತ್ತಲಿನ ಬಂಡೆಯನ್ನು ಎಲ್ಲ ದಿಕ್ಕಿಗೂ ಒಮ್ಮೆಲೇ ಹೊರದಬ್ಬುತ್ತದೆ. ಹಾಗಾಗಿ ಭೂಮಿಯ ಒಡಲಲ್ಲಿ ಸಾಗುವ ಅಲೆಗೆ ಹೋಲಿಸಿದರೆ, ಮೇಲ್ಮೈಯಲ್ಲಿ ಸಾಗುವ ಅಲೆ ಸ್ಫೋಟದಲ್ಲಿ ಕ್ಷೀಣವಾಗಿರುತ್ತದೆ. ಈ ಎರಡರ ಪ್ರಮಾಣ ನೋಡಿ, ಆಳ ನೋಡಿ, ಮೊದಲ ಅದುರಿನ ದಿಕ್ಕು ನೋಡಿ ತೀರ್ಮಾನಕ್ಕೆ ಬರುತ್ತಾರೆ. 1998ರ ಮೇ 28ರಂದು ಪಾಕಿಸ್ತಾನ ಚಾಗೈ ಬೆಟ್ಟದಲ್ಲಿ ಅಣುಪರೀಕ್ಷೆ ನಡೆಸಿದಾಗ ಅದರ ಕಂಪನ ಗೌರಿಬಿದನೂರಿನ ಬಂಡೆಗೂ ಮುಟ್ಟಿತ್ತು. 1996ರ ಸಮಗ್ರ ಅಣುಪರೀಕ್ಷಾ ನಿಷೇಧ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆ ಒಪ್ಪಂದದಡಿಯ ಜಾಗತಿಕ ಜಾಲಕ್ಕೂ ಈ ಸರಣಿ ಸೇರಿಲ್ಲ. ಹಾಗಾಗಿ ಇದು ನಮ್ಮದೇ ಸ್ವಂತ ಕಾವಲು.

ಈ ಕೆಲಸಕ್ಕೆ ಬೇಕಾದ ಓದು ಯಾವುದು? ಭೌತಶಾಸ್ತ್ರ, ಭೂಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್, ಗಣಿತ, ಕಂಪ್ಯೂಟರ್ ವಿಜ್ಞಾನ. 1957ರಲ್ಲಿ ಆರಂಭವಾದ ಬಿಎಆರ್‌ಸಿ ತರಬೇತಿ ಶಾಲೆ ಎಂಜಿನಿಯರಿಂಗ್ ಪದವೀಧರರನ್ನೂ ಎಂಎಸ್ಸಿ ಮಾಡಿದವರನ್ನೂ ಪರೀಕ್ಷೆ, ಸಂದರ್ಶನಗಳ ಮೂಲಕ ಆರಿಸಿ, ಸಂಬಳದಂಥ ಭತ್ಯೆ ಕೊಟ್ಟು ಕಲಿಸಿ ಕೆಲಸಕ್ಕೆ ತೆಗೆದುಕೊಳ್ಳುತ್ತದೆ. ಭೂಭೌತಶಾಸ್ತ್ರ ಓದಲು ನಮಗೆ ಹತ್ತಿರದ ಹಳೆಯ ನೆಲೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ. ಗೌರಿಬಿದನೂರಿನ ಹುಡುಗಿಯೊಬ್ಬಳು ತನ್ನೂರ ನೆಲದಡಿಯ ಕಂಪನವನ್ನು ಓದುವ ವಿಜ್ಞಾನಿಯಾಗುವುದು ಕನಸಿನ ಮಾತಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ, ಬಿಎಸ್ಸಿ, ಎಂಎಸ್ಸಿ, ಪ್ರವೇಶ ಪರೀಕ್ಷೆ. ದಾರಿ ನೇರವಾಗಿಯೇ ಇದೆ. ಅದನ್ನು ಅವಳಿಗೆ ಹೇಳುವವರು ಬೇಕು.

ಬಾಗಿಲು ಮುಚ್ಚುವುದು ಪಿಯುಸಿಯಲ್ಲೇ

ಡಿಗ್ರಿಯ ಬಗ್ಗೆ ತಲೆ ಕೆಡಿಸಿಕೊಳ್ಳುವ ಮನೆಗಳು ಅದಕ್ಕೆ ಎರಡು ವರ್ಷ ಮೊದಲು ಮಾಡಿದ ಆಯ್ಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ನಿಜವಾದ ಕವಲು ಹತ್ತನೇ ತರಗತಿ ಮುಗಿದ ಕೂಡಲೇ ಬರುತ್ತದೆ.

ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ, ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿದೆ. ಪಿಯುಸಿ ಮುಗಿಸಿದವರು ಯುಪಿಎಸ್‌ಸಿ ಪರೀಕ್ಷೆ ಬರೆದು ಇಲ್ಲಿಗೆ ಸೇರಬಹುದು. ಭೂಸೇನೆಯ ವಿಭಾಗಕ್ಕೆ ಯಾವ ವಿಷಯದ ಪಿಯುಸಿಯಾದರೂ ಆಗುತ್ತದೆ. ವಾಯುಸೇನೆ ಮತ್ತು ನೌಕಾಸೇನೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಕಡ್ಡಾಯ. ಪರೀಕ್ಷೆಯಲ್ಲೇ ಗಣಿತದ್ದೊಂದು ಪೂರ್ಣ ಪತ್ರಿಕೆ ಇರುವುದರಿಂದ ಕಲಾ ವಿಭಾಗದವರಿಗೂ ಗಣಿತದಿಂದ ಪಾರಿಲ್ಲ. ಆಯ್ಕೆಯಾದರೆ ಡಿಗ್ರಿಯ ಚಿಂತೆಯೇ ಬೇಡ. ಜೆಎನ್‌ಯು ಮಾನ್ಯತೆಯ ಬಿಎ, ಬಿಎಸ್ಸಿ ಅಥವಾ ಬಿಟೆಕ್ ಅಲ್ಲೇ ಆಗುತ್ತದೆ, ಖರ್ಚು ಸರ್ಕಾರದ್ದು.

ಹೆಣ್ಣುಮಕ್ಕಳ ತಂದೆತಾಯಿಗೆ ಒಂದು ಮಾತು. 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ ಎನ್‌ಡಿಎ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿದೆ. 2022ರಲ್ಲಿ ಸೇರಿದ ಮೊದಲ ತಂಡದ 17 ಯುವತಿಯರು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು. ನಮ್ಮಲ್ಲಿ ಇಂದಿಗೂ "ಹೆಣ್ಣುಮಗುಗೆ ಗಣಿತ ಯಾಕೆ, ಕಷ್ಟ" ಎಂದು ಪಿಯುಸಿಯಲ್ಲಿ ಬೇರೆ ಕಾಂಬಿನೇಷನ್ ಕೊಡಿಸುವ ಮನೆಗಳಿವೆ. ಆ ಒಂದು ಮಾತಿಗೆ ಅವಳ ಪಾಲಿಗೆ ವಿಮಾನ, ಹಡಗು, ರೇಡಾರ್ ಎಲ್ಲವೂ ಕೈತಪ್ಪುತ್ತವೆ.

ಡಿಗ್ರಿ ಮುಗಿದ ಮೇಲೆ ಬರೆಯುವ ಸಿಡಿಎಸ್ ಪರೀಕ್ಷೆಯಲ್ಲೂ ಇದೇ ಕವಲು ಮತ್ತೆ ಎದುರಾಗುತ್ತದೆ. ಡೆಹ್ರಾಡೂನಿನ ಸೇನಾ ಅಕಾಡೆಮಿಗೆ ಯಾವ ಡಿಗ್ರಿಯಾದರೂ ಸರಿ. ನೌಕಾ ಅಕಾಡೆಮಿಗೆ ಎಂಜಿನಿಯರಿಂಗ್ ಬೇಕು. ವಾಯುಸೇನಾ ಅಕಾಡೆಮಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ-ಗಣಿತ ಓದಿದ ಪದವೀಧರರು ಅಥವಾ ಎಂಜಿನಿಯರ್‌ಗಳು ಬೇಕು. ಬಿಕಾಂ ಮಾಡಿದವರು ಪೈಲಟ್ ಆಗಬಾರದೆಂದೇನೂ ಇಲ್ಲ, ಆದರೆ ಪಿಯುಸಿಯಲ್ಲಿ ಆ ಎರಡು ವಿಷಯ ಓದಿರಲೇಬೇಕು.

ಲಿಖಿತ ಪರೀಕ್ಷೆ ಗೆದ್ದವರನ್ನು ಐದು ದಿನಗಳ ಎಸ್‌ಎಸ್‌ಬಿ ಆಯ್ಕೆಗೆ ಕರೆಯುತ್ತಾರೆ. ಮನಶ್ಶಾಸ್ತ್ರೀಯ ಪರೀಕ್ಷೆ, ಗುಂಪು ಚಟುವಟಿಕೆ, ಸಂದರ್ಶನ ಎಲ್ಲವೂ ಇರುತ್ತವೆ. ಇದರ ದೊಡ್ಡ ಕೇಂದ್ರವೊಂದು ಬೆಂಗಳೂರಿನಲ್ಲೇ ಇದೆ, ವಾಯುಸೇನೆಯದು ಮೈಸೂರಿನಲ್ಲಿದೆ. ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲಿ. ಓಟಕ್ಕೆ ಕಾಲು ಪಳಗಿರುತ್ತದೆ. ಹತ್ತು ಮಂದಿ ಅಪರಿಚಿತರ ನಡುವೆ ತನ್ನ ಮಾತನ್ನು ಹೇಳಿ, ಇನ್ನೊಬ್ಬರ ಮಾತು ಕೇಳಿ ಅಭ್ಯಾಸವಿರುವುದಿಲ್ಲ. ಡಿಗ್ರಿ ಯಾವುದೇ ಇರಲಿ, ಕಾಲೇಜಿನ ಚರ್ಚಾಸ್ಪರ್ಧೆ, ನಾಟಕ, ಆಟ, ಶಿಬಿರಗಳನ್ನು ಕಾಲಹರಣ ಎಂದುಕೊಂಡವರು ಇಲ್ಲಿ ಅದರ ಬೆಲೆ ತೆರುತ್ತಾರೆ.

'ಯಾವುದಾದರೂ ಡಿಗ್ರಿ' ಸಾಕಾಗುವ ಕಡೆ

ಅರ್ಧ ನಿಜ ಎಂದೆನಲ್ಲ, ಆ ಅರ್ಧ ಇಲ್ಲಿದೆ. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್, ಐಟಿಬಿಪಿ, ಸಶಸ್ತ್ರ ಸೀಮಾ ಬಲ (ಇದನ್ನೂ ಎಸ್‌ಎಸ್‌ಬಿ ಎಂದೇ ಕರೆಯುತ್ತಾರೆ) ಪಡೆಗಳ ಅಸಿಸ್ಟೆಂಟ್ ಕಮಾಂಡೆಂಟ್ ಹುದ್ದೆಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ. ಐಪಿಎಸ್‌ಗೆ ಆಯ್ಕೆ ನಡೆಯುವ ನಾಗರಿಕ ಸೇವಾ ಪರೀಕ್ಷೆಗೂ ಅಷ್ಟೆ. ಅದರ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಆರಿಸಿಕೊಳ್ಳಬಹುದು. ಗುಪ್ತಚರ ದಳ, ಅಂದರೆ ಐಬಿ, ತನ್ನ ಎಸಿಐಒ (ಸಹಾಯಕ ಗುಪ್ತಚರ ಅಧಿಕಾರಿ) ಹುದ್ದೆಗಳಿಗೆ ಪದವೀಧರರನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ನಮ್ಮ ರಾಜ್ಯದ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗೂ ಪದವಿಯಷ್ಟೇ ಸಾಕು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ದೊಡ್ಡ ಅನುಕೂಲ, ಮೈದಾನದಲ್ಲಿ ಓಡುವ ಎಲ್ಲರಿಗೂ ಈ ಸಂಗತಿ ಇನ್ನೂ ತಲುಪಿಲ್ಲ.

ದೇಶದ ಹೊರಗಿನ ಗುಪ್ತಚರ ಕೆಲಸಕ್ಕಿರುವ ಸಂಸ್ಥೆ ರಾ. 1968ರಲ್ಲಿ ಅದನ್ನು ಕಟ್ಟಿದ ಆರ್.ಎನ್. ಕಾವ್ ಓದಿದ್ದು ಅಲಹಾಬಾದಿನಲ್ಲಿ ಇಂಗ್ಲಿಷ್ ಸಾಹಿತ್ಯ. ರಾಷ್ಟ್ರೀಯ ಭದ್ರತಾ ಸಲಹೆಗಾರರಾದ ಅಜಿತ್ ಡೋಭಾಲ್ ಆಗ್ರಾದಲ್ಲಿ ಅರ್ಥಶಾಸ್ತ್ರದ ಎಂಎ ಮಾಡಿದವರು. ಇಬ್ಬರೂ ಪೊಲೀಸ್ ಸೇವೆಯಿಂದ ಬಂದವರು. ಸಾಹಿತ್ಯ ಓದಿದವರಿಗೆ ಮನುಷ್ಯರನ್ನು ಓದುವ ಪಾಠ ಸಿಕ್ಕಿರುತ್ತದೆ, ಅರ್ಥಶಾಸ್ತ್ರ ಓದಿದವರಿಗೆ ಹಣದ ಜಾಡು ಹಿಡಿಯುವುದು ಗೊತ್ತಿರುತ್ತದೆ. ಬಿಎ ಓದುವ ಮಕ್ಕಳನ್ನು ಕೀಳಾಗಿ ಕಾಣುವ ನಮ್ಮ ಊರುಗಳ ರೂಢಿ ತಪ್ಪು.

ಆದರೂ ಒಂದು ಎಚ್ಚರಿಕೆ. ಯಾವ ಡಿಗ್ರಿಯಾದರೂ ಸರಿ ಎಂಬುದು ಅರ್ಜಿಯ ಅರ್ಹತೆ ಮಾತ್ರ. ಇತಿಹಾಸ ಓದಿದವರಿಗೆ ಇತಿಹಾಸ ಚೆನ್ನಾಗಿ ಬರಬೇಕು. ಹಾಜರಿಗಾಗಿ ಕಾಲೇಜಿಗೆ ಹೋಗಿ, ಗೈಡ್ ಓದಿ ಪಾಸಾದ ಡಿಗ್ರಿ ಸಂದರ್ಶನದ ಮೂರನೇ ಪ್ರಶ್ನೆಗೆ ನಿಲ್ಲುವುದಿಲ್ಲ.

ರೇಡಾರ್, ರಸ್ತೆ, ಸಂಕೇತಲಿಪಿ

ನಮ್ಮ ಜಿಲ್ಲೆಗೆ ಒಂದು ಅದೃಷ್ಟವಿದೆ. ದೇಶದ ರಕ್ಷಣಾ ಸಂಶೋಧನೆಯ ಬಹುದೊಡ್ಡ ಪಾಲು ಇರುವ ಬೆಂಗಳೂರು ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ. ರೇಡಾರ್ ರೂಪಿಸುವ ಎಲ್‌ಆರ್‌ಡಿಇ, ವಿಮಾನ ಎಂಜಿನ್ನಿನ ಜಿಟಿಆರ್‌ಇ, ಚಾಲಕರಹಿತ ವಿಮಾನಗಳ ಎಡಿಇ, ಸುರಕ್ಷಿತ ಸಂವಹನ ಮತ್ತು ಕೃತಕ ಬುದ್ಧಿಮತ್ತೆಯ ಕೇರ್, ಇವೆಲ್ಲ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯಗಳು. ವಿಮಾನ ತಯಾರಿಸುವ 1940ರ ಎಚ್‌ಎಎಲ್, ರಕ್ಷಣಾ ಎಲೆಕ್ಟ್ರಾನಿಕ್ಸ್‌ನ 1954ರ ಬಿಇಎಲ್ ಕೂಡ ಅಲ್ಲೇ. ಡಿಆರ್‌ಡಿಒದ ವಿಜ್ಞಾನಿ ಹುದ್ದೆಗೆ ಗೇಟ್ ಪರೀಕ್ಷೆಯ ಅಂಕ ಮುಖ್ಯ. ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ವಿಜ್ಞಾನದವರಿಗೆ ಹೆಚ್ಚು ಅವಕಾಶ. ಡಿಪ್ಲೊಮಾ, ಬಿಎಸ್ಸಿ, ಐಟಿಐ ಮಾಡಿದವರಿಗೂ ತಾಂತ್ರಿಕ ಸಹಾಯಕ, ತಂತ್ರಜ್ಞ ಹುದ್ದೆಗಳಿವೆ. ಅವುಗಳಿಗೆ ಡಿಆರ್‌ಡಿಒ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ.

ಈಗ ಎಲ್ಲರ ಕಣ್ಣು ಕಂಪ್ಯೂಟರ್ ಸೈನ್ಸ್ ಮೇಲೆ. ಸೀಟು ಸಿಕ್ಕರೆ ಅದೇ, ಇಲ್ಲವಾದರೆ ಅದರ ಹೆಸರಿಗೆ ಇನ್ನೆರಡು ಪದ ಸೇರಿಸಿದ ಕೋರ್ಸು. ಹಾಗೆ ಹೆಸರಿನ ಹಿಂದೆ ಓಡುವ ಮೊದಲು ರಕ್ಷಣಾ ವಿಜ್ಞಾನಿ ವಿ.ಕೆ. ಆತ್ರೆ ಅವರ ಬದುಕನ್ನು ನೋಡಿ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1917ರಲ್ಲಿ ಶುರುವಾದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಇಂದಿನ ಯುವಿಸಿಇಯಲ್ಲಿ, 1961ರಲ್ಲಿ ಪದವಿ ಪಡೆದವರು. ಐಐಎಸ್‌ಸಿ, ಕೆನಡಾಗಳಲ್ಲಿ ಓದಿ, ಕೆನಡಾದಲ್ಲೇ ಪ್ರಾಧ್ಯಾಪಕರಾಗಿದ್ದು, 1980ರಲ್ಲಿ ಕೊಚ್ಚಿಯ ನೌಕಾ ಪ್ರಯೋಗಾಲಯಕ್ಕೆ ಬಂದರು. ನೀರಿನಡಿಯ ಸದ್ದಿನಿಂದ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರ್ ವ್ಯವಸ್ಥೆಗಳಲ್ಲಿ ಕೆಲಸ ಮಾಡಿ ಕೊನೆಗೆ ಡಿಆರ್‌ಡಿಒ ಮುಖ್ಯಸ್ಥರಾದರು. ಗೌರಿಬಿದನೂರಿನ ಬಂಡೆಯಲ್ಲಿ ನಡೆಯುವ ಲೆಕ್ಕವೂ ಕಡಲಾಳದ ಸೋನಾರಿನ ಲೆಕ್ಕವೂ ಒಂದೇ ವಿದ್ಯೆಯ ಕವಲುಗಳು: ಗದ್ದಲದೊಳಗಿಂದ ಸಂಕೇತವನ್ನು ಹೆಕ್ಕುವುದು. ಬುಡದ ವಿದ್ಯೆ ಗಟ್ಟಿಯಾಗಿದ್ದರೆ ಅದು ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರುತ್ತದೆ.

ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯಿರುವ ಜಿಲ್ಲೆಯಲ್ಲೇ ಸಿವಿಲ್ ಎಂಜಿನಿಯರಿಂಗ್‌ಗೆ ಸೇರಲು ಮಕ್ಕಳು ಹಿಂಜರಿಯುವುದನ್ನು ಕಂಡರೆ ಬೇಸರವಾಗುತ್ತದೆ. 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆ ಸಂಸ್ಥೆ ಹಿಮಾಲಯದಲ್ಲಿ ಕಟ್ಟುವ ರಸ್ತೆ, ಸೇತುವೆ, ಸುರಂಗಗಳಿಲ್ಲದೆ ಗಡಿಯ ಸೈನಿಕನಿಗೆ ಅನ್ನವೂ ಮುಟ್ಟುವುದಿಲ್ಲ, ಮದ್ದುಗುಂಡೂ ಮುಟ್ಟುವುದಿಲ್ಲ. 2020ರಲ್ಲಿ ತೆರೆದ ಅಟಲ್ ಸುರಂಗ ಆ ಸಂಸ್ಥೆಯದೇ ಕೆಲಸ. ಯುಪಿಎಸ್‌ಸಿಯ ಎಂಜಿನಿಯರಿಂಗ್ ಸೇವಾ ಪರೀಕ್ಷೆಯ ಮೂಲಕ ಅಲ್ಲಿಗೆ ಸಿವಿಲ್, ಮೆಕ್ಯಾನಿಕಲ್ ಎಂಜಿನಿಯರ್‌ಗಳನ್ನು ತೆಗೆದುಕೊಳ್ಳುತ್ತಾರೆ.

ಗಣಿತವೇ ಪ್ರೀತಿ ಎನ್ನುವವರಿಗೆ ಸಂಕೇತಲಿಪಿ ವಿಜ್ಞಾನವಿದೆ. ನಿಮ್ಮ ಫೋನ್‌ಪೇ ವ್ಯವಹಾರದಿಂದ ಸೇನಾಪಡೆಗಳ ಸಂದೇಶದವರೆಗೆ ಎಲ್ಲವನ್ನೂ ಕಾಪಾಡುವುದು ಸಂಖ್ಯಾಸಿದ್ಧಾಂತ, ಬೀಜಗಣಿತ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಗಣಿತದ ಪದವಿಯನ್ನು ಕಲಿಸುತ್ತದೆ. ಪ್ರವೇಶ ಪರೀಕ್ಷೆ ಕಠಿಣ, ಆಯ್ಕೆಯಾದವರಿಗೆ ವಿದ್ಯಾರ್ಥಿವೇತನ ಉಂಟು. ಇತ್ತೀಚಿನ ವರ್ಷಗಳಲ್ಲಿ ಕೇಂದ್ರದ ಸಂಪುಟ ಸಚಿವಾಲಯ ಗೇಟ್ ಅಂಕದ ಮೇಲೆ ತಾಂತ್ರಿಕ ಅಧಿಕಾರಿಗಳನ್ನು ತೆಗೆದುಕೊಂಡಾಗ ಎಂಜಿನಿಯರ್‌ಗಳ ಜೊತೆಗೆ ಗಣಿತ, ಸಂಖ್ಯಾಶಾಸ್ತ್ರ, ಭೌತಶಾಸ್ತ್ರ ಓದಿದವರಿಗೂ ಜಾಗವಿತ್ತು.

ಊಜಿ ನೊಣ ಕಲಿಸಿದ ಪಾಠ

ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆ ಬೆಳೆಗಾರರಿಗೆ ಹೊರಗಿನಿಂದ ನುಗ್ಗಿದ ಶತ್ರು ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆ ಊಜಿ ನೊಣ ಕರ್ನಾಟಕಕ್ಕೆ ಬಂತು. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಹೊಕ್ಕು ಹುಳುವನ್ನೇ ತಿನ್ನುತ್ತದೆ. ಗೂಡು ಕಟ್ಟುವ ಮೊದಲೇ ಹುಳು ಸಾಯುತ್ತದೆ, ಕಟ್ಟಿದರೂ ಗೂಡು ತೂತಾಗುತ್ತದೆ. ಹುಳುಮನೆಯ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಬಲೆ ಬಂದದ್ದು ಆಮೇಲೆ. ಊಜಿಯ ಕೋಶದ ಮೇಲೆ ಬದುಕುವ ನೆಸೊಲಿಂಕ್ಸ್ ಎಂಬ ಪುಟ್ಟ ಪರೋಪಜೀವಿಯನ್ನು ಬೆಳೆಸಿ ಬಿಡುವ ಉಪಾಯವನ್ನು ಕೀಟಶಾಸ್ತ್ರಜ್ಞರು ಕೊಟ್ಟರು.

2018ರಲ್ಲಿ ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದೂ ನಮ್ಮ ರಾಜ್ಯದ ಶಿವಮೊಗ್ಗದಲ್ಲಿ. ನೋಡನೋಡುತ್ತ ದೇಶದ ಮುಸುಕಿನ ಜೋಳದ ಹೊಲಗಳಿಗೆಲ್ಲ ಹರಡಿತು. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಇರುವುದು ತಿಳಿದುಬಂತು. ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಬಂದವರ, ಗರ್ಭಿಣಿಯರ ರಕ್ತದ ಮಾದರಿ ಸಂಗ್ರಹಿಸಿದರು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಸೊಳ್ಳೆಯನ್ನು ಹಿಡಿದು ಪರೀಕ್ಷೆಗೆ ಕಳಿಸಿದವರು, ವೈರಸ್ಸನ್ನು ಗುರುತಿಸಿದವರು, ಮನೆಮನೆಗೆ ಹೋದ ಆಶಾ ಕಾರ್ಯಕರ್ತೆಯರು, ಕೋಳಿಗಳ ಬಳಿ ಹೋದ ಪಶುವೈದ್ಯರು ಮಾಡಿದ್ದು ಗಡಿ ಕಾಯುವಷ್ಟೇ ಗಂಭೀರವಾದ ಕೆಲಸ. ಇದನ್ನು ದೇಶದ ಭದ್ರತೆಯ ಲೆಕ್ಕಕ್ಕೆ ಸೇರಿಸದಿದ್ದರೆ ನಮ್ಮ ಲೆಕ್ಕವೇ ತಪ್ಪು ಎಂಬುದು ನನ್ನ ದೃಢವಾದ ನಂಬಿಕೆ. ಕೋವಿಡ್ ಕಂಡವರು ಇದನ್ನು ಅಲ್ಲಗಳೆಯಲಾರರು.

ಹಾಗಾಗಿ ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿಗೆ ಸೇರುವ ಹುಡುಗ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದುವ ಹುಡುಗಿ, ಸೂಕ್ಷ್ಮಜೀವಶಾಸ್ತ್ರದ ಬಿಎಸ್ಸಿ ವಿದ್ಯಾರ್ಥಿ ಕೂಡ ದೇಶ ಕಾಯುವ ದಾರಿಯಲ್ಲೇ ಇದ್ದಾರೆ. ಹೊರದೇಶದಿಂದ ಬರುವ ಬೀಜ, ಗಿಡ, ಹಣ್ಣುಗಳನ್ನು ತಪಾಸಣೆ ಮಾಡುವ ಸಸ್ಯ ಕ್ವಾರಂಟೈನ್ ಕೇಂದ್ರಗಳಿಗೆ ಕೃಷಿ ಪದವೀಧರರು ಬೇಕು. ಬಿಎಸ್ಸಿ ನರ್ಸಿಂಗ್ ಮುಗಿಸಿದವರಿಗೆ ಸೇನೆಯ ನರ್ಸಿಂಗ್ ಸೇವೆಯಿದೆ. ಅಲ್ಲಿ ಅವರು ಅಧಿಕಾರಿ ದರ್ಜೆಯಲ್ಲಿರುತ್ತಾರೆ. ವೈದ್ಯರಾಗಬೇಕೆನ್ನುವವರು ನೀಟ್ ಮೂಲಕ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜನ್ನು ಸೇರಬಹುದು.

ರಸಾಯನಶಾಸ್ತ್ರದವರ ಕೆಲಸವೂ ದೂರದ್ದಲ್ಲ. 2021ರ ಫೆಬ್ರುವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಕಲ್ಲು ಕ್ವಾರಿಗೆಂದು ತಂದಿದ್ದ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಇಂಥ ಕಡೆ ಏನು ಸಿಡಿಯಿತು, ಹೇಗೆ ಸಿಡಿಯಿತು ಎಂದು ಹೇಳಬೇಕಾದವರು ವಿಧಿವಿಜ್ಞಾನ ತಜ್ಞರು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡಪ್ರಕ್ರಿಯಾ ಕಾನೂನಿನ ಪ್ರಕಾರ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದನ್ನು ಹಂತಹಂತವಾಗಿ ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷ ಸಮಯವಿದೆ. ರಸಾಯನಶಾಸ್ತ್ರ, ಜೀವಶಾಸ್ತ್ರ ಚೆನ್ನಾಗಿ ಓದಿದವರಿಗೆ ಇನ್ನು ಮುಂದೆ ಬೇಡಿಕೆ ಹೆಚ್ಚುವುದು ಖಂಡಿತ.

ಮನೆಯಲ್ಲಾಡುವ ಮಾತೂ ಅರ್ಹತೆ

ಚಿಂತಾಮಣಿಯ ಸಂತೆಯಲ್ಲಿ ಒಬ್ಬ ವ್ಯಾಪಾರಿ ಕನ್ನಡದಲ್ಲಿ ಶುರುಮಾಡಿ, ತೆಲುಗಿನಲ್ಲಿ ಚೌಕಾಸಿ ಮಾಡಿ, ಉರ್ದುವಿನಲ್ಲಿ ಲೆಕ್ಕ ಮುಗಿಸುತ್ತಾನೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲೂ ಅದೇ. ನಮಗೆ ಇದು ಉಸಿರಾಟದಷ್ಟು ಸಹಜವಾದ್ದರಿಂದ ಇದರ ಬೆಲೆ ತಿಳಿದಿಲ್ಲ. ಐಬಿಯ ಸೆಕ್ಯುರಿಟಿ ಅಸಿಸ್ಟೆಂಟ್ ಹುದ್ದೆಗೆ ಹತ್ತನೇ ತರಗತಿಯ ಜೊತೆಗೆ ಸ್ಥಳೀಯ ಭಾಷೆ ಬರಬೇಕೆಂಬುದು ಅರ್ಹತೆಯಲ್ಲೇ ಇದೆ. ಉರ್ದು ಮಾತಾಡುವ ಮನೆಯ ಮಕ್ಕಳು ಲಿಪಿಯನ್ನೂ ಚೆನ್ನಾಗಿ ಕಲಿತರೆ ಮುಂದೆ ಪಾರ್ಸಿ, ಅರೇಬಿಕ್, ಪಶ್ತೋ ಕಲಿಯುವುದು ಅವರಿಗೆ ಸುಲಭ.

ದೆಹಲಿಯ ಜೆಎನ್‌ಯುನಲ್ಲಿ ಚೀನಿ, ಪಶ್ತೋ, ಪಾರ್ಸಿ, ಅರೇಬಿಕ್, ರಷ್ಯನ್ ಭಾಷೆಗಳಲ್ಲಿ ಬಿಎ ಮಾಡಬಹುದು. ಅಲ್ಲಿನ ಶುಲ್ಕ ನಮ್ಮ ಎಷ್ಟೋ ಖಾಸಗಿ ಪಿಯು ಕಾಲೇಜುಗಳಿಗಿಂತ ಕಡಿಮೆ. ಗಡಿಯಾಚೆಯ ಪತ್ರಿಕೆ, ಭಾಷಣ, ಅಧಿಕೃತ ಕಾಗದಗಳನ್ನು ಮೂಲದಲ್ಲೇ ಓದಬಲ್ಲವರು ದೇಶಕ್ಕೆ ಬೇಕು. ಚೀನಿ ಭಾಷೆ ಚೆನ್ನಾಗಿ ಬಲ್ಲ ಒಬ್ಬಳಿಗೆ ವಿದೇಶಾಂಗ, ಸೇನೆ, ಗುಪ್ತಚರ, ಸಂಶೋಧನಾ ಸಂಸ್ಥೆ ಎಲ್ಲ ಕಡೆಯೂ ಕೆಲಸವಿದೆ. ಎರಡು-ಮೂರು ಭಾಷೆಗಳ ನಡುವೆ ಹುಟ್ಟಿಬೆಳೆದ ನಮ್ಮ ಮಕ್ಕಳು ಈ ಕಡೆ ನೋಡುವುದೇ ಇಲ್ಲ ಎಂಬುದು ನನಗೆ ನೋವಿನ ಸಂಗತಿ.

ವಿದುರಾಶ್ವತ್ಥವನ್ನು ಮರೆಯದೆ

ಗೌರಿಬಿದನೂರು ತಾಲ್ಲೂಕಿನಲ್ಲೇ, ಕಂಪನಮಾಪಕಗಳ ಸೀಮೆಯಲ್ಲೇ, ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಧ್ವಜಾರೋಹಣಕ್ಕೆಂದು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಆಜ್ಞೆ ಕೊಟ್ಟವರು, ಗುಂಡು ಹಾರಿಸಿದವರು ಕೂಡ ತಾವು ರಾಜ್ಯದ ಭದ್ರತೆಯನ್ನೇ ಕಾಯುತ್ತಿದ್ದೇವೆ ಎಂದುಕೊಂಡಿದ್ದರು.

ಭದ್ರತೆಯ ಕೆಲಸಕ್ಕೆ ಹೋಗುವವರು ಯಾವ ಡಿಗ್ರಿ ಓದಿದರೂ ಸಂವಿಧಾನ, ಕಾನೂನು ಮತ್ತು ಇತಿಹಾಸವನ್ನು ಓದಿರಬೇಕು ಎನ್ನುವುದು ಇದಕ್ಕೇ. ಯಾರ ಫೋನನ್ನು ಆಲಿಸಬಹುದು, ಯಾರನ್ನು ಎಷ್ಟು ಹೊತ್ತು ವಶದಲ್ಲಿಟ್ಟುಕೊಳ್ಳಬಹುದು, ಯಾವಾಗ ಬಲ ಪ್ರಯೋಗಿಸಬಹುದು ಎಂಬುದನ್ನೆಲ್ಲ ಕಾನೂನು ಹೇಳುತ್ತದೆ. ಎಲ್‌ಎಲ್‌ಬಿ ಮಾಡಿದವರಿಗೆ ಸೇನೆಯ ನ್ಯಾಯ ವಿಭಾಗದಲ್ಲಿ ಅಧಿಕಾರಿ ಹುದ್ದೆಯೂ ಇದೆ. ರಾಜ್ಯಶಾಸ್ತ್ರದ ತರಗತಿಯಲ್ಲಿ ಮೂಲಭೂತ ಹಕ್ಕುಗಳ ಪಾಠವನ್ನು ಪರೀಕ್ಷೆಯ ಐದು ಅಂಕಕ್ಕಾಗಿ ಓದಿ ಮುಗಿಸಬೇಡಿ.

ಹೆಸರು ನೋಡಿ ಸೇರಬೇಡಿ

ಭದ್ರತೆ, ಸೈಬರ್, ಡಿಫೆನ್ಸ್ ಎಂಬ ಪದಗಳಿಗೆ ಈಗ ಮಾರುಕಟ್ಟೆಯಿದೆ. ನಿಜವಾದ ವಿಶೇಷ ಸಂಸ್ಥೆಗಳೂ ಇವೆ. ಗುಜರಾತಿನ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಶಾಖೆ ಶಿವಮೊಗ್ಗದಲ್ಲಿದೆ, ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಶಾಖೆ ಧಾರವಾಡದಲ್ಲಿದೆ. ಎರಡೂ ಕೇಂದ್ರ ಸರ್ಕಾರದವು. ಅಲ್ಲಿನ ಕೋರ್ಸುಗಳು ಒಳ್ಳೆಯವೇ, ಆದರೆ ಅವುಗಳಿಂದ ಕೆಲಸ ಖಾತ್ರಿಯಿಲ್ಲ. ಪರೀಕ್ಷೆಗಳನ್ನು ಎಲ್ಲರಂತೆ ಬರೆಯಲೇಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಪದವಿ ಮೂಲವಿಷಯದಲ್ಲಿರಲಿ, ವಿಶೇಷ ಓದು ಸ್ನಾತಕೋತ್ತರದಲ್ಲಿ ಬರಲಿ. ಸೈಬರ್ ಸೆಕ್ಯುರಿಟಿ ಎಂದು ಹಣೆಪಟ್ಟಿಯಿರುವ ಬಿಸಿಎಗೆ ಲಕ್ಷಗಟ್ಟಲೆ ಸುರಿಯುವ ಮುನ್ನ ಅಲ್ಲಿ ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಂ, ಗಣಿತ ಕಲಿಸುವ ಅಧ್ಯಾಪಕರು ಇದ್ದಾರೆಯೇ ಎಂದು ವಿಚಾರಿಸಿ. ಸರ್ಕಾರಿ ಪ್ರಥಮದರ್ಜೆ ಕಾಲೇಜಿನ ಬಿಎಸ್ಸಿ ಭೌತಶಾಸ್ತ್ರ-ಗಣಿತ ಅದಕ್ಕಿಂತ ಎಷ್ಟೋ ಪಾಲು ಮೇಲು, ಖರ್ಚೂ ಕಡಿಮೆ.

"ಇಷ್ಟು ಕೊಡಿ, ಸೇನೆಗೆ ಸೇರಿಸ್ತೀವಿ" ಎನ್ನುವವರನ್ನು ಹತ್ತಿರ ಸೇರಿಸಬೇಡಿ. ಸೇನಾ ಭರ್ತಿಗೆ ಲಂಚದ ದಾರಿಯಿಲ್ಲ. ಕೊಟ್ಟ ಹಣ ಹಿಂದಕ್ಕೂ ಬರುವುದಿಲ್ಲ, ಮಗನ ಮೇಲೆ ಕೇಸು ಬಿದ್ದರೆ ಎಲ್ಲ ಸರ್ಕಾರಿ ಕೆಲಸದ ದಾರಿಯೂ ಮುಚ್ಚಬಹುದು. ಭದ್ರತೆಯ ಯಾವ ಹುದ್ದೆಗೂ ಪೊಲೀಸ್ ಪರಿಶೀಲನೆ ಕಡ್ಡಾಯ. ಹಾಗೆಯೇ 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಯೋಜನೆಯ ಪ್ರಕಾರ ಆಮೇಲೆ ಖಾಯಂ ಆಗುವವರು ನೂರರಲ್ಲಿ ಹೆಚ್ಚೆಂದರೆ 25 ಮಂದಿ. ಸೇರುವ ಹುಡುಗರು ಆ ನಾಲ್ಕು ವರ್ಷದಲ್ಲಿ ದೂರಶಿಕ್ಷಣದ ಮೂಲಕವಾದರೂ ಒಂದು ಪದವಿಗೆ ನೋಂದಾಯಿಸಿಕೊಂಡಿದ್ದರೆ ಹೊರಬಂದಾಗ ಕೈ ಬರಿದಾಗಿರುವುದಿಲ್ಲ.

ಡಿಗ್ರಿಗೆ ಸೇರಿದ ಮೊದಲ ತಿಂಗಳಲ್ಲೇ ಮಾಡಬೇಕಾದ ಒಂದು ಕೆಲಸವಿದೆ: ನಿಮ್ಮ ಕಾಲೇಜಿನಲ್ಲಿ ಎನ್‌ಸಿಸಿ ಘಟಕವಿದೆಯೇ ಎಂದು ಕೇಳಿ, ಇದ್ದರೆ ಸೇರಿಕೊಳ್ಳಿ. 'ಸಿ' ಸರ್ಟಿಫಿಕೇಟ್‌ವರೆಗೆ ಹೋಗಲು ಮೂರು ವರ್ಷ ಬೇಕಾಗುವುದರಿಂದ ಎರಡನೇ ವರ್ಷಕ್ಕೆ ಎಚ್ಚೆತ್ತರೆ ತಡವಾಗುತ್ತದೆ. ಆ ಸರ್ಟಿಫಿಕೇಟಿನಲ್ಲಿ ಕನಿಷ್ಠ 'ಬಿ' ಗ್ರೇಡ್ ಮತ್ತು ಪದವಿಯಲ್ಲಿ ಶೇಕಡ 50 ಅಂಕ ಇದ್ದವರು ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಎಸ್‌ಎಸ್‌ಬಿ ಆಯ್ಕೆಗೆ ಅರ್ಜಿ ಹಾಕಬಹುದು. ಹುಡುಗಿಯರಿಗೂ ಈ ಅವಕಾಶವಿದೆ, ಬಿಎ, ಬಿಕಾಂ, ಬಿಎಸ್ಸಿ ಎಂಬ ಭೇದವಿಲ್ಲ.